ಸುಂದ್ರಮ್ಮ ಕೇರೆಹಾವಿಗೆ ಕಾವು ಕೊಟ್ಟದ್ದು

ದೋರನಹಳ್ಳಿಯಲ್ಲಿ ಯಾರ ಮನೆಯ ಕೋಳಿ ಕಾವಿಗೆ ಕೂರಲು ಒಲ್ಲೆ ಎಂದರೂ ಆ ಮೊಟ್ಟೆಗಳು ಬರುತ್ತಿದ್ದುದು ಸುಂದ್ರಮ್ಮನ ಮನೆಗೆ. ಹೆಂಗಸರು ಬುಟ್ಟಿಯಲ್ಲಿ ಹೊಟ್ಟು ಹಾಸಿ, ಅದರ ಮೇಲೆ ಮೊಟ್ಟೆ ಜೋಡಿಸಿ, ಸೆರಗು ಮುಚ್ಚಿಕೊಂಡು ತರುತ್ತಿದ್ದರು. ಇಪ್ಪತ್ತೊಂದು ದಿನ ಬಿಟ್ಟು ಬಂದು, ಅದೇ ಬುಟ್ಟಿಯಲ್ಲಿ ಚಿಂವ್‌ಗುಡುವ ಮರಿಗಳನ್ನು ಒಯ್ಯುತ್ತಿದ್ದರು. ಊರಿನಲ್ಲಿ ಅವಳನ್ನು ಎಲ್ಲರೂ ಕಾವಿನ ಸುಂದ್ರಮ್ಮ ಎಂದೇ ಕರೆಯುತ್ತಿದ್ದರು.

ಐವತ್ತೆರಡು ವಯಸ್ಸಿನ ಸುಂದ್ರಮ್ಮ ಇದನ್ನು ಯಾವ ತರಬೇತಿಯಲ್ಲೂ ಕಲಿತವಳಲ್ಲ. ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ಊರವರ ಹೊಲದಲ್ಲಿ ಹತ್ತಿ ಬಿಡಿಸಿದಳು, ತೊಗರಿ ಕೊಯ್ದಳು. ಮೊಣಕಾಲು ನೋವು ಶುರುವಾಗಿ ಹೊಲಕ್ಕೆ ಹೋಗುವುದು ಕಷ್ಟವಾದಾಗ, ಬೋನಾಳದ ತವರಿನಿಂದ ಅವಳ ಅವ್ವ ಒಂದು ಜವಾರಿ ಕೋಳಿ ಕೊಟ್ಟು ಕಳಿಸಿದಳು. ಅಲ್ಲಿಂದ ಅವಳ ಕೋಳಿ ಸಾಕಣೆ ಶುರುವಾಯಿತು. ಮೊದಲ ವರ್ಷದ ಚಳಿಗಾಲದಲ್ಲಿ ಅರವತ್ತು ಮರಿ ತಂದು, ಒಂದು ಕೋಣೆಯಲ್ಲಿ ಬಿಟ್ಟು ಬಾಗಿಲು ಮುಚ್ಚಿದ್ದಳು. ಬೆಳಿಗ್ಗೆ ನೋಡಿದರೆ ಎಲ್ಲವೂ ಚಳಿಗೆ ಒಂದೇ ಮೂಲೆ ಸೇರಿ, ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದ ನಲವತ್ತು ಉಸಿರುಗಟ್ಟಿ ಸತ್ತಿದ್ದವು. ಅವಳು ಅವುಗಳನ್ನು ಮಡಿಲಲ್ಲಿ ಹಾಕಿಕೊಂಡು ಎಷ್ಟೋ ಹೊತ್ತು ಕೂತಿದ್ದಳು.

ಆಮೇಲೆ ಬಲ್ಬು ಕಟ್ಟಿ, ಪಕ್ಕದಲ್ಲಿ ಕೂತು, ಮರಿಗಳನ್ನೇ ನೋಡುತ್ತ ಕಲಿತಳು. ಬಲ್ಬಿನ ಕೆಳಗೆ ಗುಂಪುಗೂಡಿದರೆ ಅವಕ್ಕೆ ಚಳಿ. ಗೋಡೆಗೆ ಸರಿದು ಬಾಯಿ ತೆರೆದು ನಿಂತರೆ ಸೆಕೆ. ಅಲ್ಲೊಂದು ಇಲ್ಲೊಂದು ಹರಡಿಕೊಂಡು ಕಾಳು ಹೆಕ್ಕುತ್ತಿದ್ದರೆ ಕಾವು ಬರೋಬ್ಬರಿ ಇದೆ ಎಂದು ಅರ್ಥ. ಈ ಮೂರು ತಿಳಿದ ಮೇಲೆ ಚಳಿಗೆ ಅವಳ ಮನೆಯಲ್ಲಿ ಮರಿ ಸಾಯುವುದು ನಿಂತಿತು.

ಅವಳ ಗಂಡ ಯಂಕಣ್ಣ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹಮಾಲಿ. ಕ್ವಿಂಟಲ್ ಚೀಲ ಹೊತ್ತು ಹಲಗೆ ಹತ್ತುವ ಆಳು. ಆದರೆ ಹಾವೆಂದರೆ ಅವನ ಜೀವ ಬಾಯಿಗೆ ಬರುತ್ತಿತ್ತು. ದಾರಿಯಲ್ಲಿ ಹಗ್ಗ ಬಿದ್ದಿದ್ದರೂ ನಿಂತು ಎರಡು ಸಲ ನೋಡಿ ದಾಟುವವನು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಗೂಡಿನಲ್ಲಿ ಮರಿಗಳು ಕಾಣೆಯಾಗತೊಡಗಿದವು. ವಾರಕ್ಕೆ ಒಂದೋ ಎರಡೋ. ರಕ್ತ ಇಲ್ಲ, ಪುಕ್ಕ ಇಲ್ಲ. ಬೆಕ್ಕಿನ ಕೆಲಸವಲ್ಲ ಎಂದು ಸುಂದ್ರಮ್ಮನಿಗೆ ಗೊತ್ತಾಯಿತು. ಬೋನಾಳದ ಕೆರೆಯಲ್ಲಿ ಮೀನು ಹಿಡಿಯುವ ತಮ್ಮನಿಂದ ಹಳೆಯ ನೈಲಾನ್ ಬಲೆ ತರಿಸಿ, ಗೂಡಿನ ಸುತ್ತ ನೆಲಕ್ಕೆ ತಾಗುವಂತೆ ಬಿಗಿದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಗೂಡು ತೆರೆಯಲು ಹೋದಾಗ ಬಲೆಯ ಒಂದು ಮೂಲೆ ಜಗ್ಗಿ ಉಂಡೆಯಾಗಿತ್ತು. ಒಳಗೆ ಒಂದು ಮಾರು ಉದ್ದದ ಕೇರೆಹಾವು. ತಪ್ಪಿಸಿಕೊಳ್ಳಲು ಒದ್ದಾಡಿದಷ್ಟೂ ಎಳೆ ಬಿಗಿದು, ಮೂರು ಕಡೆ ಚರ್ಮ ಸೀಳಿ ಮಾಂಸ ಕಾಣುತ್ತಿತ್ತು. ಯಂಕಣ್ಣ ಅಂಗಳದ ಆ ತುದಿಯಿಂದಲೇ ಬಡಿಗೆ ಎಸೆದು ಕೂಗಿದ:

"ಹೊಡಿ! ಮರಿ ತಿಂದ ಕಳ್ಳ ಅದೇ ಅದ. ನೋಡಾಕತ್ತಿ ಏನು, ಹೊಡಿ!"

ಸುಂದ್ರಮ್ಮ ಬಡಿಗೆ ಎತ್ತಿಕೊಂಡಳು. ಹಾವು ಅಲುಗಾಡಲಿಲ್ಲ. ಬುಸುಗುಟ್ಟಲೂ ಇಲ್ಲ. ಸತ್ತಿದೆಯೇ ಎಂದು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಕಲ್ಲಿನಷ್ಟು ತಣ್ಣಗಿತ್ತು. ಆದರೆ ನಾಲಿಗೆ ಒಂದು ಸಲ ಹೊರಗೆ ಬಂದು ಒಳಗೆ ಹೋಯಿತು. ಆ ನಲವತ್ತು ಮರಿಗಳನ್ನು ಎತ್ತಿಕೊಂಡ ಬೆಳಿಗ್ಗೆ ಕೈಗೆ ತಾಗಿದ್ದೂ ಇದೇ ತಣುಪು. ಬಲೆ ಬಿಗಿದದ್ದು ತಾನೇ ಎಂಬುದೂ ಅವಳಿಗೆ ನೆನಪಿತ್ತು. ಅವಳು ಬಡಿಗೆ ಕೆಳಗಿಟ್ಟು, ಪಂಚಾಯ್ತಿ ಗೋಡೆಯ ಮೇಲೆ ಬರೆದಿದ್ದ ನಂಬರಿಗೆ ಫೋನು ಮಾಡಿಸಿದಳು.

ಅರಣ್ಯ ಇಲಾಖೆಯ ಕಾವಲುಗಾರ ಕಾಂತೇಶ ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದ. ಕತ್ತರಿಯಿಂದ ಎಳೆ ಎಳೆಯಾಗಿ ಬಲೆ ಬಿಡಿಸಿ, ಹಾವನ್ನು ಬಟ್ಟೆ ಚೀಲಕ್ಕೆ ಇಳಿಸಿದ. ಚೀಲ ಹಿಡಿದು ಕೂರಲು ಯಾರಾದರೂ ಬೇಕಿತ್ತು. ಯಂಕಣ್ಣ ಆಗಲೇ ಓಣಿ ದಾಟಿದ್ದ. ಹೀಗಾಗಿ ಸುಂದ್ರಮ್ಮನೇ ಬೈಕಿನ ಹಿಂದೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಶಹಾಪುರದ ಪಶು ಆಸ್ಪತ್ರೆಗೆ ಹೋದಳು.

ಅಲ್ಲಿಯ ಡಾಕ್ಟರು ಪರಿಮಳಾ ಹನ್ನೊಂದು ಹೊಲಿಗೆ ಹಾಕಿದಳು.

"ಬದುಕ್ತದೇನ್ರಿ ಮೇಡಂ?" ಸುಂದ್ರಮ್ಮ ಕೇಳಿದಳು.

"ಗಾಯ ಹೊಲಿದೀನಿ. ಆದ್ರ ಹಾವಿನ ಮೈ ನಮ್ಮಂಗ ತಾನಾಗೇ ಬೆಚ್ಚಗಾಗಂಗಿಲ್ರಿ. ಹೊರಗಿನ ಕಾವು ಸಿಗದಿದ್ರ ಗಾಯ ಮಾಯಂಗಿಲ್ಲ. ತಿಂದದ್ದೂ ಅರಗಂಗಿಲ್ಲ. ಈ ಚಳಿಯಾಗ ಹಂಗೇ ಬಿಟ್ರ ನಾಕು ದಿನದಾಗ ಹೋಗ್ತದ. ಒಂದೂವರೆ ತಿಂಗಳರೆ ಬೆಚ್ಚಗಿಡಬೇಕು."

ಎಲ್ಲಿ ಇಡುವುದು ಎಂಬ ಮಾತು ಬಂತು. ಆಸ್ಪತ್ರೆಯಲ್ಲಿ ರಿಪೇರಿ ನಡೆದು ಕಿಟಕಿಗಳನ್ನೆಲ್ಲ ಕಿತ್ತಿದ್ದರು. ಕಾಂತೇಶನ ಒಂದು ಕೋಣೆಯ ಕ್ವಾರ್ಟರ್ಸಿನಲ್ಲಿ ಎರಡು ತಿಂಗಳ ಕೂಸಿತ್ತು.

"ನಮ್ಮ ಮನಿಗೇ ಕೊಡ್ರಿ," ಎಂದಳು ಸುಂದ್ರಮ್ಮ. "ಹತ್ತು ವರ್ಷ ಆತು, ನಾ ಮಾಡಾದೇ ಅದು. ಕಾವಿನ ಬಾಬತ್ತು ನನಗೇನ್ ಹೇಳಬ್ಯಾಡ್ರಿ."

"ಯಕ್ಕಾ, ಹಾವು ಸಾಕಾದು ಕಾನೂನಿನಾಗ ತಪ್ಪದ," ಎಂದ ಕಾಂತೇಶ. "ಸಾಹೇಬ್ರ ಕಡಿಂದ ಪತ್ರ ಮಾಡಿಸ್ಕೊಂಡು ಬರ್ತೀನಿ. ಇದು ಆರೈಕಿ ಅಷ್ಟ. ಗಾಯ ಮಾಯ್ದ ಮರುದಿನ ಬಿಡಬೇಕು."

"ನಾ ಏನ್ ಅದಕ್ಕ ಹೆಸರಿಟ್ಟು ತೊಟ್ಲಾಗ ಹಾಕ್ತೀನೇನಪ್ಪಾ?"

ಹಾವು ಮನೆಗೆ ಬಂದ ಸಂಜೆ ಯಂಕಣ್ಣ ತನ್ನ ಹಾಸಿಗೆ ಸುತ್ತಿಕೊಂಡು ಪಕ್ಕದ ಅಣ್ಣನ ಮನೆಗೆ ಹೋದ. ಊಟಕ್ಕೆ ಮಾತ್ರ ಬಂದು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಸುಂದ್ರಮ್ಮ ಮರಿಗಳಿಗೆಂದು ಮಾಡಿಸಿದ್ದ ಕಟ್ಟಿಗೆಯ ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ಹಾವನ್ನು ಒಳಗೆ ಬಿಟ್ಟು, ಯಾವಾಗಲೂ ಮಾಡುವಂತೆ ಬಲ್ಬು ಇಳಿಬಿಟ್ಟಳು. ಎರಡು ದಿನ ಹಾವು ಬಲ್ಬಿನ ಕೆಳಗೇ ಸುರುಳಿ ಸುತ್ತಿ ಮಲಗಿತ್ತು. ಅವಳಿಗೆ ಸಮಾಧಾನವಾಯಿತು.

ಮೂರನೆಯ ಬೆಳಿಗ್ಗೆ ಮುಚ್ಚಳ ತೆಗೆದರೆ ಸುಟ್ಟ ವಾಸನೆ. ಹಾವು ತಲೆ ಎತ್ತಿ ಬಲ್ಬಿಗೇ ಸುತ್ತಿಕೊಂಡಿತ್ತು. ಅವಳು ಸ್ವಿಚ್ ಆರಿಸಿ ಅದನ್ನು ಬಿಡಿಸಿದಳು. ಹೊಟ್ಟೆಯ ಕೆಳಗೆ ಅಂಗೈ ಅಗಲದಷ್ಟು ಚರ್ಮ ಕಂದಿ, ಒಂದು ಕಡೆ ಗುಳ್ಳೆ ಎದ್ದಿತ್ತು.

ಪರಿಮಳಾ ಅಂದು ಮಧ್ಯಾಹ್ನವೇ ಸ್ಕೂಟಿಯಲ್ಲಿ ಬಂದು ಮುಲಾಮು ಹಚ್ಚಿದಳು.

"ಕೋಳಿ ಮರಿ ಬಿಸಿ ತಟ್ಟಿದ್ರ ದೂರ ಓಡ್ತದ್ರಿ. ಚಳಿ ಬಿದ್ದ ಹಾವಿಗೆ ಬಿಸಿ ಸಿಕ್ರ ಅಪ್ಕೊಂಡ್ ಬಿಡ್ತದ. ಸುಡಾಕತ್ತದ ಅಂತ ಅದಕ್ಕ ತಿಳಿಯೋದ್ರಾಗ ಸುಟ್ಟು ಹೋಗಿರ್ತದ."

ಸುಂದ್ರಮ್ಮ ನೆಲ ನೋಡುತ್ತ ನಿಂತಿದ್ದಳು. "ನಂದೇ ತಪ್ಪು ಮೇಡಂ. ಅವತ್ತು ನಿಮ್ಮನ್ನ ಹೇಳಗೊಡ್ಲಿಲ್ಲ ನಾ."

"ನಾನೂ ಕೇಳಬೇಕಿತ್ತು, ಎಲ್ಲಿ ಇಡ್ತೀರಿ, ಹ್ಯಾಂಗ ಇಡ್ತೀರಿ ಅಂತ. ಬರ್ರಿ, ಕೂಡ್ರಿ. ಈಗ ಹೇಳ್ತೀನಿ."

ಅಂಗಳದಲ್ಲಿ ಕೂತು ಪರಿಮಳಾ ಬಿಡಿಸಿ ಹೇಳಿದಳು. ಪೆಟ್ಟಿಗೆಯ ಒಂದು ತುದಿ ಬೆಚ್ಚಗಿರಬೇಕು, ಇನ್ನೊಂದು ತುದಿ ತಂಪಿರಬೇಕು. ಯಾವಾಗ ಎಲ್ಲಿ ಮಲಗಬೇಕೆಂಬುದನ್ನು ಹಾವೇ ಆರಿಸಿಕೊಳ್ಳುತ್ತದೆ. ಎರಡೂ ತುದಿಯಲ್ಲಿ ಅಡಗಲು ಜಾಗ ಬೇಕು. ತಂಪಿನ ಕಡೆ ಮಾತ್ರ ಮರೆಯಿದ್ದರೆ ಅದು ಹೆದರಿಕೆಗೆ ಅಲ್ಲೇ ಕೂತು ಚಳಿಯಲ್ಲಿ ಸೊರಗುತ್ತದೆ. ಬಿಸಿ ಕೊಡುವ ವಸ್ತು ಹಾವಿನ ಮೈಗೆ ಎಂದೂ ನೇರವಾಗಿ ತಾಗಬಾರದು. ಮಾತಿನ ನಡುವೆ ಸುಂದ್ರಮ್ಮ ಮತ್ತೆ ಮತ್ತೆ ತಡೆದು ಕೇಳಿದಳು. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಯಂಕಣ್ಣ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಕಟ್ಟಿಗೆಯ ಪೆಟ್ಟಿಗೆ ಚಿಕ್ಕದು. ಬಿಸಿ ಒಂದು ಕಡೆ, ತಂಪು ಒಂದು ಕಡೆ ಎಂದು ಅದರಲ್ಲಿ ಮಾಡಲು ಆಗುತ್ತಿರಲಿಲ್ಲ. ಓಣಿಯ ಟೀಚರ ಮನೆಯಲ್ಲಿ ಮೀನು ಸಾಕಿ ಬಿಟ್ಟಿದ್ದ ಗಾಜಿನ ತೊಟ್ಟಿ ಇತ್ತು. ಅದನ್ನು ತಂದು ಎರಡು ದಿನ ನೋಡಿದಳು. ಗಾಜು ಸಂಜೆಗೇ ಮಂಜಿನಂತೆ ತಣ್ಣಗಾಗುತ್ತಿತ್ತು. ಸುತ್ತ ಯಾರು ಓಡಾಡಿದರೂ ಹಾವಿಗೆ ಕಾಣುತ್ತಿತ್ತು. ಬೆದರಿ ಗಾಜಿಗೆ ಮೂತಿ ಬಡಿದುಕೊಳ್ಳುತ್ತಿತ್ತು. ತೊಟ್ಟಿಯನ್ನು ವಾಪಸು ಕೊಟ್ಟು, ಹಾವನ್ನು ಸದ್ಯಕ್ಕೆ ಮತ್ತೆ ಪೆಟ್ಟಿಗೆಗೇ ಹಾಕಿ, ಬಲ್ಬನ್ನು ಮೈಗೆ ತಾಗದಂತೆ ಹೊರಗಿನಿಂದ ಕಟ್ಟಿ, ಅವಳು ಶಹಾಪುರದ ಬಸ್ಸು ಹತ್ತಿದಳು.

ಬಸ್ ಸ್ಟ್ಯಾಂಡಿನ ಹಿಂದೆ ಸೊಹೇಲನ ಫ್ರಿಜ್ ರಿಪೇರಿ ಅಂಗಡಿ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಅವಳ ಪೆಟ್ಟಿಗೆಗೆ ವೈರು, ಬಿಸಿ ಹದಕ್ಕೆ ಬಂದಾಗ ತಾನೇ ಆರಿಸುವ ಕಂಟ್ರೋಲರ್ ಹಾಕಿಕೊಟ್ಟವನು ಅವನೇ.

"ಸೊಹೇಲಪ್ಪಾ, ಕರೆಂಟ್ ಹೋದ್ರೂ ಬಿಸಿ ಹಿಡಕೊಂಡು ಕೂಡೋ ಅಂಥ ಪೆಟ್ಟಿಗಿ ಬೇಕು. ಉದ್ದ ನಾಕು ಫೂಟರೆ ಇರಬೇಕು."

"ಅಷ್ಟು ದೊಡ್ಡದರಾಗ ಎಷ್ಟು ಮರಿ ಮಾಡ್ತಿ ಯಕ್ಕಾ?"

"ಮರಿ ಅಲ್ಲ. ಹಾವು."

ಸೊಹೇಲ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಪೂರ್ತಿ ಕತೆ ಕೇಳಿದ. ಆಮೇಲೆ ಅಂಗಡಿಯ ಮೂಲೆಯಲ್ಲಿ ಕಂಪ್ರೆಸರ್ ಸತ್ತು ಬಿದ್ದಿದ್ದ ಒಂಟಿ ಬಾಗಿಲಿನ ಹಳೆಯ ಫ್ರಿಜ್ಜಿನ ಕಡೆ ನೋಡಿ ತಲೆ ಕೆರೆದುಕೊಂಡ.

"ನೋಡು ಯಕ್ಕಾ, ಮಂದಿ ಫ್ರಿಜ್ ಅಂದ್ರ ತಂಪು ಅಂತಾರ. ತಂಪು ಮಾಡೋದು ಹಿಂದಿನ ಮಶೀನು. ಈ ಡಬ್ಬಿ ಐತಲ್ಲ, ಒಳಗ ಏನಿಟ್ರೂ ಅದನ್ನ ಹೊರಗ ಬಿಡಂಗಿಲ್ಲ, ಅಷ್ಟ. ತಂಪಿಟ್ರ ತಂಪು. ಬಿಸಿ ಇಟ್ರ ಬಿಸಿ."

"ಉಸಿರು?"

"ತೂತು ಹೊಡಿಯೋಣ. ತಂಪಿನ ಕಡಿ ಕೆಳಗ ನಾಕು, ಬಿಸಿ ಕಡಿ ಮ್ಯಾಲ ನಾಕು. ಗಾಳಿ ತಾನೇ ತಿರುಗ್ತದ. ಸಣ್ಣ ಜಾಳಿಗಿ ಬಡಿದ್ರ ಹಾವು ಹೊರಗ ಬರಂಗಿಲ್ಲ."

ಫ್ರಿಜ್ಜನ್ನು ಸುಂದ್ರಮ್ಮನ ಮನೆಗೆ ತಂದು, ಎರಡು ದಿನ ಅವರಿಬ್ಬರೂ ಸೇರಿ ಅದನ್ನು ಕಟ್ಟಿದರು. ಫ್ರಿಜ್ಜನ್ನು ಅಂಗಾತ ಮಲಗಿಸಿದರು, ಬಾಗಿಲು ಮೇಲೆ ಬರುವಂತೆ. ಬಾಗಿಲಲ್ಲಿ ಒಂದು ಗೇಣು ಕತ್ತರಿಸಿ ಗಾಜು ಕೂರಿಸಿದರು. ಒಂದು ತುದಿಯಲ್ಲಿ ಮರಿ ಪೆಟ್ಟಿಗೆಗೆ ಹಾಕುವಂಥದ್ದೇ ಹೀಟರ್ ಇಟ್ಟು, ಅದರ ಮೇಲೆ ಇಟ್ಟಿಗೆಯ ಆಸರೆಯಲ್ಲಿ ಶಹಾಬಾದ್ ಕಲ್ಲಿನ ಚಪ್ಪಡಿ ಹೊದಿಸಿ, ಹಾವು ಅಡಿಗೆ ನುಸುಳದಂತೆ ಸಂದಿಯನ್ನೆಲ್ಲ ಸಿಮೆಂಟಿನಿಂದ ಮುಚ್ಚಿದರು. ಚಪ್ಪಡಿ ಮೆಲ್ಲಗೆ ಕಾಯುತ್ತಿತ್ತು, ಮೆಲ್ಲಗೆ ಆರುತ್ತಿತ್ತು. ಬಿಸಿ ಅಳೆಯುವ ಕಂಟ್ರೋಲರಿನ ಕಡ್ಡಿಯನ್ನು ಕಲ್ಲಿನ ಮೇಲೇ ಇಟ್ಟರು. ಕಲ್ಲು ಮೂವತ್ತೆರಡು ಡಿಗ್ರಿ ಮುಟ್ಟಿದರೆ ಹೀಟರ್ ಆರಬೇಕು.

ಈ ಸಲ ಸುಂದ್ರಮ್ಮ ಅವಸರ ಮಾಡಲಿಲ್ಲ. ಎರಡೂ ತುದಿಗೆ ಒಂದೊಂದು ಥರ್ಮಾಮೀಟರ್ ಇಟ್ಟು, ಒಂದು ಇಡೀ ದಿನ ಫ್ರಿಜ್ಜನ್ನು ಖಾಲಿಯೇ ಓಡಿಸಿ ನೋಡಿದಳು. ಬೆಳಗಿನ ಚಳಿಯಲ್ಲಿ ಎಷ್ಟು, ಮಧ್ಯಾಹ್ನ ಎಷ್ಟು, ಸ್ವಿಚ್ ಆರಿಸಿ ಎರಡು ತಾಸು ಬಿಟ್ಟರೆ ಎಷ್ಟು. ಅಂಗೈಯನ್ನು ಕಲ್ಲಿನ ಮೇಲೆ ಊರಿ ಅರ್ಧ ತಾಸು ಕೂತು ನೋಡಿದಳು. ತನ್ನ ಕೈಗೆ ಹಿತವೆನಿಸಿದ ಮೇಲೆ, ಎರಡೂ ತುದಿಗೆ ಒಡೆದ ಮಡಿಕೆಯ ಅರ್ಧರ್ಧ ಬೋರಲು ಹಾಕಿ, ತಂಪಿನ ಕಡೆ ಮಣ್ಣಿನ ಬಟ್ಟಲಲ್ಲಿ ನೀರಿಟ್ಟು ಹಾವನ್ನು ಒಳಗೆ ಬಿಟ್ಟಳು.

ಹಾವು ಸುತ್ತ ಮೂಸುತ್ತ ಹೋಗಿ ಕಲ್ಲಿನ ಮೇಲಿನ ಮಡಿಕೆಯೊಳಗೆ ಸೇರಿಕೊಂಡಿತು. ನಾಲ್ಕು ತಾಸು ಅಲ್ಲಿಂದ ಏಳಲಿಲ್ಲ. ಇಳಿಹೊತ್ತಿನಲ್ಲಿ ತಾನೇ ಎದ್ದು, ನೀರಿನ ಬಟ್ಟಲಿಗೆ ಮೂತಿ ಇಟ್ಟು, ತಂಪಿನ ಮಡಿಕೆಗೆ ಹೋಯಿತು. ಗಾಜಿನಲ್ಲಿ ಇಣುಕುತ್ತಿದ್ದ ಸುಂದ್ರಮ್ಮ ಎಷ್ಟೋ ದಿನಗಳ ಮೇಲೆ ಉಸಿರು ಬಿಟ್ಟಳು.

ಸುದ್ದಿ ಊರೆಲ್ಲ ಹಬ್ಬಿತು. ಒಂದು ಸೋಮವಾರ ಆರೆಂಟು ಹೆಂಗಸರು ತಂಬಿಗೆಯಲ್ಲಿ ಹಾಲು, ಅರಿಶಿಣ ಕುಂಕುಮ ಹಿಡಿದು ಬಂದರು. ಯಂಕಣ್ಣನ ಅತ್ತಿಗೆ ಬಸ್ಸಮ್ಮ ಮುಂದಾಳು.

"ದೇವರು ತಾನಾಗೇ ಮನಿಗೆ ಬಂದಾನ. ಒಂದೀಟು ಹಾಲೆರದು ಹೋಗ್ತೀವಿ ಬಾಗ್ಲಾ ತೆಗಿ."

"ಅದು ಹಾಲು ಕುಡಿಯಂಗಿಲ್ಲ ಯಕ್ಕಾ. ಗಾಯಕ್ಕ ಅರಿಶಿಣ ಬಿದ್ರ ಹೊಲಿಗಿ ಕೀವಾಗ್ತದ. ಇದು ಗುಡಿ ಅಲ್ಲ, ಆಸ್ಪತ್ರಿ ಅಂತ ತಿಳಕೋರಿ."

"ಏಟು ಸೊಕ್ಕು ನೋಡು ಇಕಿದು!"

"ಸೊಕ್ಕಲ್ಲ. ಒಂದ್ ಸಲ ಸುಟ್ಟೀನಿ ಅದನ್ನ. ಮತ್ತೊಂದು ಆಗಗೊಡಂಗಿಲ್ಲ."

ಅವಳ ದನಿ ಕೇಳಿ ಬಸ್ಸಮ್ಮ ಹಾಲಿನ ತಂಬಿಗೆಯನ್ನು ಅವಳ ಕೈಗೆ ಕೊಟ್ಟಳು. ತಂದ ಹಾಲಿನಲ್ಲಿ ಸುಂದ್ರಮ್ಮ ಎಲ್ಲರಿಗೂ ಚಹ ಮಾಡಿಕೊಟ್ಟಳು. ಕುಡಿದು, ಗಾಜಿನಲ್ಲಿ ಒಬ್ಬೊಬ್ಬರೇ ಇಣುಕಿ, ಕೈ ಮುಗಿದು ಹೋದರು.

ಹಾವು ಏನನ್ನೂ ತಿನ್ನದೆ ಹದಿನೆಂಟು ದಿನವಾಗಿತ್ತು. ಮೈ ಕಾವು ಹಿಡಿಯುವ ತನಕ ಏನೂ ಕೊಡಬೇಡಿ ಎಂದಿದ್ದ ಪರಿಮಳಾ, ಈಗ ಕೊಟ್ಟು ನೋಡಿ ಎಂದಳು. ಆ ದಿನ ಹುಟ್ಟಿದ ಮರಿಗಳಲ್ಲಿ ಒಂದು ಬಲವಿಲ್ಲದೆ ಸತ್ತಿತ್ತು. ಅಂಥವನ್ನು ಸುಂದ್ರಮ್ಮ ಯಾವಾಗಲೂ ಬೇವಿನ ಗಿಡದ ಬುಡದಲ್ಲಿ ಹೂಳುತ್ತಿದ್ದಳು. ಅಂದು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಇದರಂಥ ಮರಿಗಳನ್ನೇ ಕದ್ದು ತಿಂದ ಹಾವು. ಬಾಗಿಲು ತೆರೆದು ಮರಿಯನ್ನು ಮಡಿಕೆಯ ಮುಂದಿಟ್ಟು ಮುಚ್ಚಿ, ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತು ಅಕ್ಕಿ ಆರಿಸಿದಳು. ಅಕ್ಕಿ ಮುಗಿದ ಮೇಲೆ ಎದ್ದು ನೋಡಿದಳು. ಮರಿ ಇರಲಿಲ್ಲ. ಹಾವು ಕಾದ ಕಲ್ಲಿನ ಮೇಲೆ ಹೊಟ್ಟೆ ಊರಿ ಮಲಗಿತ್ತು. ಅವಳಿಗೆ ಸಂತೋಷವೂ ಆಯಿತು, ಕಣ್ಣೂ ಒದ್ದೆಯಾಯಿತು. ಆಮೇಲೆ ಎಂಟು ದಿನಕ್ಕೊಮ್ಮೆ ಕೊಡುವುದು ರೂಢಿಯಾಯಿತು.

ಜನವರಿಯ ಮೊದಲ ವಾರ ಅವಳು ಸುರಪುರಕ್ಕೆ ಮರಿಗಳನ್ನು ಮುಟ್ಟಿಸಲು ಹೋಗಬೇಕಾಯಿತು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಲೆಕ್ಕ. ಅಂದೇ ಮೋಡ ಮುಚ್ಚಿ ಥಂಡಿ ಗಾಳಿ ಬೀಸತೊಡಗಿತು. ವಾಪಸು ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬೇರೆ ಬಸ್ಸು ಹಿಡಿದು ಹತ್ತಿಗುಡೂರು ದಾಟುವಾಗ ಊರಿನ ಹೆಂಗಸೊಬ್ಬಳು ಹೇಳಿದಳು: "ಊರಾಗ ಟ್ರಾನ್ಸ್‌ಫಾರ್ಮರ್ ಸುಟ್ಟದಂತ. ಮುಂಜಾನಿ ಹತ್ತಕ್ಕ ಹೋದ ಕರೆಂಟು ಇನ್ನಾ ಬಂದಿಲ್ಲ."

ಸುಂದ್ರಮ್ಮ ಬೆರಳು ಮಡಚಿ ತಾಸು ಎಣಿಸಿದಳು. ಕಲ್ಲು ಎರಡು ತಾಸು ಬಿಸಿ ಹಿಡಿಯುತ್ತದೆ, ಹೆಚ್ಚೆಂದರೆ ಮೂರು. ಈಗ ಆರು ತಾಸಾಗಿತ್ತು. ಮೊನ್ನೆಯಷ್ಟೇ ತಿಂದಿದ್ದ ಹಾವು ಅದು. ಹೊಟ್ಟೆಯೊಳಗಿನದು ಅರಗದೆ ಕೊಳೆತರೆ ಸಾಯುತ್ತದೆ ಎಂದು ಪರಿಮಳಾ ಎಚ್ಚರಿಸಿದ್ದಳು. ಬಸ್ಸಿಳಿದವಳು ಮೊಣಕಾಲಿನ ನೋವನ್ನೂ ಮರೆತು ಓಡುನಡಿಗೆಯಲ್ಲಿ ಮನೆಗೆ ಬಂದಳು.

ಒಳಗೆ ಒಲೆ ಉರಿಯುತ್ತಿತ್ತು, ಅದರ ಮೇಲೆ ಹಂಡೆಯಲ್ಲಿ ನೀರು. ಫ್ರಿಜ್ಜಿನ ಮೇಲೆ ಮನೆಯಲ್ಲಿದ್ದ ಎರಡೂ ಕೌದಿ ಹೊದಿಸಲಾಗಿತ್ತು, ಗಾಳಿಯ ತೂತುಗಳಷ್ಟನ್ನು ಬಿಟ್ಟು. ಪಕ್ಕದಲ್ಲಿ ಮಣೆಯ ಮೇಲೆ ಯಂಕಣ್ಣ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಮಿಲ್ಲಿಗೆ ಹೋಗ್ಲಿಲ್ಲೇನ್ರಿ?"

"ಅರ್ಧಾ ದಾರಿಯಾಗ ಕರೆಂಟ್ ಹೋದದ್ದು ಗೊತ್ತಾತು. ವಾಪಸ್ ಬಂದೆ." ಅವನು ಹಂಡೆಯ ಕಡೆ ಕೈ ತೋರಿಸಿದ. "ಬಾಟ್ಲಿಗೆ ಬಿಸಿನೀರು ತುಂಬಿ ಕಲ್ಲಿನ ಮ್ಯಾಲ ಇಟ್ಟೀನಿ. ಮೈಗೆ ತಟ್ಟಬಾರ್ದು ಅಂದಿದ್ರಲ್ಲ ಆ ಮೇಡಂ, ಅದಕ್ಕ ಟವೆಲ್ ಸುತ್ತೀನಿ. ಮೂರು ಸಲ ಬದ್ಲಿ ಮಾಡ್ದೆ."

"ನೀವು... ಬಾಗ್ಲಾ ತೆಗದ್ರಿ?"

"ತೆಗದೆ. ಕಣ್ಣು ಮುಚ್ಕೊಂಡು ತೆಗೀಬೇಕಂತ ಮಾಡಿದ್ದೆ. ಕಣ್ಣು ಮುಚ್ಚಿದ್ರ ಅದು ಎಲ್ಲದ ಅಂತ ಗೊತ್ತಾಗಬೇಕಲ್ಲ." ಯಂಕಣ್ಣ ಕೈಗಳನ್ನು ತೊಡೆಗೆ ಒರೆಸಿಕೊಂಡ. "ತಲಿ ಎತ್ತಿ ನನ್ನ ನೋಡ್ತು. ನಾನೂ ನೋಡ್ದೆ. ಇಬ್ರೂ ಸುಮ್ನಾದ್ವಿ."

ಸುಂದ್ರಮ್ಮ ಕೌದಿಯ ಅಂಚು ಸರಿಸಿ ಒಳಗೆ ನೋಡಿದಳು. ಬೆಚ್ಚನೆಯ ಕಡೆಯ ಥರ್ಮಾಮೀಟರ್ ಇಪ್ಪತ್ತೊಂಬತ್ತು ತೋರಿಸುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಒಲೆ ಹಚ್ಚಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಹಂಡೆಯಿಂದ ಒಂದು ಲೋಟ ನೀರು ತೆಗೆದು ಚಹ ಮಾಡಿ ಅವನ ಕೈಗಿಟ್ಟಳು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಅಂದು ಯಂಕಣ್ಣನ ಹಾಸಿಗೆಯೂ ಅಣ್ಣನ ಮನೆಯಿಂದ ವಾಪಸು ಬಂತು.

ಸಂಕ್ರಾಂತಿಯಾಗಿ ಒಂದು ವಾರಕ್ಕೆ ಹಾವಿನ ಕಣ್ಣು ಹಾಲು ಬಿದ್ದಂತೆ ಮಸುಕಾಯಿತು. ಸುಂದ್ರಮ್ಮ ಹೆದರಿ ಫೋನು ಮಾಡಿದರೆ ಪರಿಮಳಾ ನಕ್ಕಳು: "ಪೊರಿ ಬಿಡಾಕತ್ತದ್ರಿ. ಮುಟ್ಟಬ್ಯಾಡ್ರಿ, ನೀರು ಮಾತ್ರ ಜಾಸ್ತಿ ಇಡ್ರಿ." ಐದನೆಯ ದಿನ ಮಡಿಕೆಗೆ ಮೈ ಉಜ್ಜಿ ಉಜ್ಜಿ, ಮೂತಿಯಿಂದ ಬಾಲದ ತನಕ ಒಂದೇ ತುಂಡಾಗಿ ಪೊರೆ ಕಳಚಿತು. ಪರಿಮಳಾ ಬಿಚ್ಚಿದ ಮೇಲೆ ಉಳಿದಿದ್ದ ಎರಡು ಹೊಲಿಗೆ ಅದರೊಂದಿಗೇ ಬಂದಿದ್ದವು. ಸುಟ್ಟಿದ್ದ ಕಡೆ ಹುರುಪೆ ಸ್ವಲ್ಪ ಒರಟಾಗಿತ್ತು, ಅಷ್ಟೇ.

ಕಾಂತೇಶ ಬಂದು ನೋಡಿದ. "ಬಿಡೋ ಹೊತ್ತಾತು ಯಕ್ಕಾ. ಎಲ್ಲಿ ಸಿಕ್ಕಿತ್ತೋ ಅಲ್ಲೇ ಆಸುಪಾಸು ಬಿಡಬೇಕು. ದೂರ ಒಯ್ದು ಬಿಟ್ರ ಬಿಲ ಗೊತ್ತಿರಂಗಿಲ್ಲ, ಬ್ಯಾಟಿ ಗೊತ್ತಿರಂಗಿಲ್ಲ, ಸಾಯ್ತದ."

"ಹಂಗಂದ್ರ ನಮ್ಮ ಕೋಳಿಗೂಡಿನ ಬಾಜೂಕೇ?" ಎಂದ ಯಂಕಣ್ಣ.

"ಗೂಡಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗಿ ಹಾಕಿಸಿ ಹದಿನೈದು ದಿನ ಆತು," ಎಂದಳು ಸುಂದ್ರಮ್ಮ. "ನೀವೇ ಮೊಳಿ ಹೊಡದೀರಿ, ಮರ್ತೀರೇನು? ಇನ್ನ ಅದರ ಪಾಲಿಗೆ ಹೊಲದಾಗ ಇಲಿ ಏನು ಕಮ್ಮಿ ಇಲ್ಲ."

ಬಿಸಿಲು ಚೆನ್ನಾಗಿ ಏರಿದ ಮೇಲೆ ಮೂವರೂ ಮನೆಯ ಹಿಂದಿನ ತೊಗರಿ ಹೊಲದ ಬದುವಿಗೆ ಹೋದರು. ಕಾಂತೇಶ ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಒರಗಿಸಿದ. ಹಾವು ತಲೆ ಹೊರಗಿಟ್ಟು ನಾಲಿಗೆ ಆಡಿಸಿತು. ಬಿಸಿಲು ಬಿದ್ದ ಕರಿಮಣ್ಣಿನ ಮೇಲೆ ಒಂದು ಗಳಿಗೆ ಮೈ ಚೆಲ್ಲಿ ಮಲಗಿತು. ಯಂಕಣ್ಣ ಎರಡು ಹೆಜ್ಜೆ ಹಿಂದೆ ಇದ್ದನಾದರೂ ಓಡಲಿಲ್ಲ. ಆಮೇಲೆ ಅದು ಅವಸರವಿಲ್ಲದೆ ಜಾಲಿ ಬೇಲಿಯ ಬುಡಕ್ಕೆ ಹರಿದು, ಬಾಲದ ತುದಿಯೂ ಕಾಣದಂತಾಯಿತು.

ಕಾಂತೇಶ ಸಾಹೇಬರ ಪತ್ರ ತೆಗೆದು, ಬಿಟ್ಟ ದಿನಾಂಕ ಬರೆದು, ಸುಂದ್ರಮ್ಮನ ಮುಂದೆ ಹಿಡಿದ. ಅವಳು ಬದುವಿನ ಕಲ್ಲಿನ ಮೇಲೆ ಕಾಗದ ಇಟ್ಟುಕೊಂಡು ನಿಧಾನವಾಗಿ ತನ್ನ ಹೆಸರು ಬರೆದಳು.

"ಇನ್ನೊಂದು ಯಾವುದರೆ ಸಿಕ್ರ ತರ್ಲೇನು ಯಕ್ಕಾ?" ಎಂದ ಕಾಂತೇಶ.

ಅವಳು ಉತ್ತರಿಸುವ ಮೊದಲೇ ಯಂಕಣ್ಣ ಹೇಳಿದ: "ಮೊದ್ಲ ಉಣ್ಣಾಕ ಬಾ ತಮ್ಮಾ. ಹೊತ್ತಾತು."

ಕಟ್ಟೆಯ ಮೇಲೆ ಮೂವರೂ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡರು.